ಸ್ಕಿಡ್ ಸ್ಟೀರ್ ಲೋಡರ್‌ನ ಡೀಸೆಲ್ ಫ್ಲೋಟ್ ಬದಲಿಸುವುದು: ಮೊದಲು ಮಲ್ಟಿಮೀಟರ್, ಆಮೇಲೆ ಪಾನಾ

ಫುಲ್ ಟ್ಯಾಂಕ್ ಮಾಡಿಸಿದರೂ ಡೀಸೆಲ್ ಮುಳ್ಳು ಏಳುತ್ತಿಲ್ಲ, ಇಲ್ಲವೇ ಟ್ಯಾಂಕ್ ಬತ್ತಿದರೂ ಅರ್ಧದಿಂದ ಇಳಿಯುತ್ತಿಲ್ಲ ಎಂದಾಗ ಸೈಟಿನಲ್ಲಿ ಮೊದಲು ಬರುವ ಮಾತು "ಫ್ಲೋಟ್ ಹೋಗಿದೆ, ಹೊಸದು ತರಿಸಿ" ಎಂಬುದೇ. ಫ್ಲೋಟ್ ಎಂದರೆ ಟ್ಯಾಂಕಿನೊಳಗೆ ಕೂತು ಡೀಸೆಲ್ ಮಟ್ಟವನ್ನು ಮೀಟರಿಗೆ ತಿಳಿಸುವ ಭಾಗ. ಅದು ಹೋಗಿರಲೂಬಹುದು. ಆದರೆ ಇದೇ ಲಕ್ಷಣ ಉಜ್ಜಿ ಕಡಿದ ವೈರಿನಿಂದ ಬರುತ್ತದೆ, ತುಕ್ಕು ಹಿಡಿದ ಅರ್ಥಿಂಗ್‌ನಿಂದ ಬರುತ್ತದೆ, ಕೆಟ್ಟ ಮೀಟರಿನಿಂದಲೂ ಬರುತ್ತದೆ. ಕ್ಯಾಬಿನ್ ಎತ್ತಿ, ಟ್ಯಾಂಕ್ ಬಾಯಿ ಬಿಚ್ಚಿ, ಹೊಸ ಫ್ಲೋಟ್ ಕೂರಿಸಿದ ಮೇಲೂ ಮುಳ್ಳು ಅಲ್ಲೇ ನಿಂತಿದ್ದರೆ ಕಾರಣ ಇದೇ. ಬಿಚ್ಚುವ ಮೊದಲು ಅಳೆದರೆ ಅರ್ಧ ದಿನದ ಕೆಲಸವೂ ಫ್ಲೋಟಿನ ದುಡ್ಡೂ ಉಳಿಯುವ ಸಾಧ್ಯತೆ ಇದೆ.

ಇಲ್ಲಿ ಹೇಳುತ್ತಿರುವುದು ಯಾವ ಕಂಪನಿಯದಾದರೂ ನಮ್ಮ ಕಡೆ ಬಾಬ್‌ಕ್ಯಾಟ್ ಎಂದೇ ಕರೆಯುವ ಚಿಕ್ಕ ಲೋಡರ್‌ಗಳ ಬಗ್ಗೆ. 12 ವೋಲ್ಟ್ ಬ್ಯಾಟರಿ, ಪ್ಲಾಸ್ಟಿಕ್ ಅಥವಾ ತಗಡಿನ ಟ್ಯಾಂಕ್, ಟ್ಯಾಂಕಿನೊಳಗೆ ಎರಡು ವೈರಿನ ಫ್ಲೋಟ್. ಬಿಡಿಭಾಗದ ಪುಸ್ತಕದಲ್ಲಿ ಇದಕ್ಕೆ ಫ್ಯೂಯೆಲ್ ಲೆವೆಲ್ ಸೆಂಡರ್ ಎಂದಿರುತ್ತದೆ. ಫ್ಲೋಟಿನಿಂದ ಮೂರು ವೈರ್ ಬಂದಿದ್ದರೆ ಅದು ಬೇರೆ ಜಾತಿ. 5 ವೋಲ್ಟ್ ಪಡೆದು ವೋಲ್ಟೇಜ್ ರೂಪದಲ್ಲೇ ಉತ್ತರ ಕೊಡುವಂಥದ್ದು. ಮುಂದೆ ಹೇಳುವ ಅರ್ಥಿಂಗ್ ಮುಟ್ಟಿಸುವ ಪರೀಕ್ಷೆಯನ್ನು ಅದಕ್ಕೆ ಮಾಡಬೇಡಿ. ಹಾಗೆಯೇ ಹೊಸ ಮೆಷಿನ್‌ಗಳಲ್ಲಿ ಪಕ್ಕದಲ್ಲೇ ಇರುವ ಯೂರಿಯಾ ದ್ರಾವಣದ ಟ್ಯಾಂಕಿನ ಸೆನ್ಸರ್‌ಗೂ ಇದಕ್ಕೂ ಸಂಬಂಧವಿಲ್ಲ.

ಒಳಗೆ ಏನಿದೆ, ಯಾಕೆ ಕೆಡುತ್ತದೆ

ಹಳೆಯ ಮಾದರಿಯಲ್ಲಿ ಒಂದು ಕಡ್ಡಿ, ಕಡ್ಡಿಯ ತುದಿಗೆ ತೇಲುವ ಬೆಂಡು ಅಥವಾ ಹಿತ್ತಾಳೆಯ ಡಬ್ಬಿ, ಇನ್ನೊಂದು ತುದಿಯಲ್ಲಿ ಸಣ್ಣ ತಂತಿ ಸುತ್ತಿದ ರೆಸಿಸ್ಟರ್ ಇರುತ್ತದೆ. ಡೀಸೆಲ್ ಏರಿಳಿದಂತೆ ಕಡ್ಡಿಯ ಬುಡದ ತಾಮ್ರದ ನಾಲಿಗೆ ಆ ತಂತಿಯ ಮೇಲೆ ಜಾರುತ್ತದೆ, ಓಮ್ ಬದಲಾಗುತ್ತದೆ, ಮುಳ್ಳು ಓಡುತ್ತದೆ. ಇನ್ನೊಂದು ಮಾದರಿ ನೆಟ್ಟಗಿನ ಕೊಳವೆ. ಕೊಳವೆಯೊಳಗೆ ಸಾಲಾಗಿ ಪುಟ್ಟ ರೀಡ್ ಸ್ವಿಚ್‌ಗಳು (ಮ್ಯಾಗ್ನೆಟ್ ಹತ್ತಿರ ಬಂದರೆ ಕೂಡುವ ಸ್ವಿಚ್), ಹೊರಗೆ ಮ್ಯಾಗ್ನೆಟ್ ಇರುವ ಉಂಗುರದಂಥ ಫ್ಲೋಟ್. ಇದರಲ್ಲಿ ಓಮ್ ನಯವಾಗಿ ಬದಲಾಗುವುದಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಬದಲಾಗುತ್ತದೆ. ಅದು ದೋಷವಲ್ಲ.

ಸ್ಕಿಡ್ ಸ್ಟೀರ್‌ಗೆ ಸಸ್ಪೆನ್ಷನ್ ಇಲ್ಲ. ವೀಲ್‌ಬೇಸ್ ಗಿಡ್ಡ. ತಿರುಗುವುದೂ ಟೈರ್ ಎಳೆದಾಡಿಕೊಂಡೇ. ಹಾಗಾಗಿ ಟ್ಯಾಂಕಿನಲ್ಲಿ ಡೀಸೆಲ್ ಒಂದು ಕ್ಷಣವೂ ಸುಮ್ಮನಿರುವುದಿಲ್ಲ, ನಾಲಿಗೆ ತಂತಿಯ ಮೇಲೆ ದಿನವಿಡೀ ಉಜ್ಜುತ್ತಲೇ ಇರುತ್ತದೆ. ದಿನಾ ಯಾವ ಮಟ್ಟದಲ್ಲಿ ಹೆಚ್ಚು ಹೊತ್ತು ಓಡಿಸುತ್ತೀರೋ ಅಲ್ಲಿಯೇ ತಂತಿ ಸವೆದು ಕಡಿಯುತ್ತದೆ. ಫುಲ್‌ನಲ್ಲಿ ಸರಿ, ಕಾಲು ಭಾಗದಲ್ಲಿ ಸರಿ, ನಡುವೆ ಮಾತ್ರ ಮುಳ್ಳು ಸತ್ತು ಮತ್ತೆ ಏಳುತ್ತದೆ ಎಂದರೆ ಕಾರಣ ಇದೇ ಸವೆತ. ಮುಳ್ಳು ಸದಾ ಕೆಳಗೇ ಇದ್ದರೆ ಫ್ಲೋಟ್ ತೂತಾಗಿ ಒಳಗೆ ಡೀಸೆಲ್ ತುಂಬಿ ಮುಳುಗಿರಬಹುದು, ವೈರ್ ಕಡಿದಿರಲೂಬಹುದು. ಟ್ಯಾಂಕಿನ ತಳದಲ್ಲಿ ನೀರು ನಿಂತಿದ್ದರೆ ತಂತಿಗೂ ನಾಲಿಗೆಗೂ ಹಸಿರು ಕಿಲುಬು ಹಿಡಿಯುತ್ತದೆ.

ಬಿಚ್ಚುವ ಮೊದಲಿನ ಅಳತೆ

ಮೊದಲು ಟ್ಯಾಂಕಿನಲ್ಲಿ ನಿಜವಾಗಿ ಎಷ್ಟಿದೆ ಎಂಬುದು ಗೊತ್ತಿರಬೇಕು. ಕಡ್ಡಿ ಇಳಿಸಿ ನೋಡಿ. ಸಿಬಿರು ಏಳದ, ಒಣಗಿದ ನಯವಾದ ಕಡ್ಡಿಯೇ ಆಗಬೇಕು. ಬಿಳಿ ಪ್ಲಾಸ್ಟಿಕ್ ಟ್ಯಾಂಕ್ ಆದರೆ ಹಿಂದಿನಿಂದ ಟಾರ್ಚ್ ಹಿಡಿದರೆ ಮಟ್ಟ ಕಾಣುತ್ತದೆ.

ಕೀ ಆಫ್ ಮಾಡಿ, ಫ್ಲೋಟಿನ ತಲೆಯ ಮೇಲಿನ ಕನೆಕ್ಟರ್ ಕಳಚಿ. ಡೀಸೆಲ್ ಮೀಟರಿಗೆ ಜೋಡಿಸಿಕೊಂಡೇ ಅಳೆದರೆ ಬರುವ ಅಂಕಿ ಸುಳ್ಳು. ಮಲ್ಟಿಮೀಟರನ್ನು 2000 ಓಮ್ ರೇಂಜಿಗೆ ತಿರುಗಿಸಿ. 200ರಲ್ಲಿಟ್ಟರೆ, ಖಾಲಿಯಲ್ಲಿ 240 ಓಮ್ ಇರುವ ಒಳ್ಳೆಯ ಫ್ಲೋಟೂ ಎಡಗಡೆ ಬರೀ 1 ತೋರಿಸುತ್ತದೆ. ಅದನ್ನು ಕಡಿದಿದೆ ಎಂದುಕೊಂಡು ಎಸೆಯುವವರಿದ್ದಾರೆ. ಮಲ್ಟಿಮೀಟರಿನ ಒಂದು ಪ್ರೋಬನ್ನು ಸಿಗ್ನಲ್ ಪಿನ್ನಿಗೆ, ಇನ್ನೊಂದನ್ನು ಅರ್ಥಿಂಗ್ ಪಿನ್ನಿಗೆ ಕೊಡಿ. ಒಂದೇ ಪಿನ್ನಿನ ಫ್ಲೋಟ್ ಆದರೆ ಅದರ ತಗಡಿನ ತಲೆಯೇ ಅರ್ಥಿಂಗ್.

ಬರುವ ಅಂಕಿಯನ್ನು ಯಾವುದಕ್ಕೆ ಹೋಲಿಸಬೇಕು ಎಂಬುದೇ ಈ ಕೆಲಸದ ಜೀವಾಳ. ಅಮೆರಿಕದ ಪದ್ಧತಿಯ ಫ್ಲೋಟ್ ಖಾಲಿಗೆ 240 ಓಮ್, ಅರ್ಧಕ್ಕೆ ಸುಮಾರು 100, ಫುಲ್‌ಗೆ 33. ಯೂರೋಪಿನ ಪದ್ಧತಿಯಲ್ಲಿ ಖಾಲಿಗೆ 10, ಫುಲ್‌ಗೆ 180, ಅಂದರೆ ದಿಕ್ಕೇ ಉಲ್ಟಾ. ಖಾಲಿಗೆ 0, ಫುಲ್‌ಗೆ 90 ಇರುವವೂ ಇವೆ. ಬಹಳ ಫ್ಲೋಟುಗಳ ತಲೆಯ ಮೇಲೆ ಈ ಅಂಕಿ ಒತ್ತಿರುತ್ತದೆ, ಕೊಳೆ ಒರೆಸಿದರೆ ಕಾಣುತ್ತದೆ. ನಿಮ್ಮದು ಯಾವುದು ಎಂಬುದು ಸರ್ವಿಸ್ ಮ್ಯಾನ್ಯುಯಲ್‌ನಲ್ಲಿರುತ್ತದೆ. ಅಳತೆಯಲ್ಲಿ ಓಮ್ ಸಿಗುತ್ತಲೇ ಇಲ್ಲ ಎಂದರೆ ತಂತಿ ಕಡಿದಿದೆ. ಅಂಕಿ ಟ್ಯಾಂಕಿನಲ್ಲಿರುವ ಮಟ್ಟಕ್ಕೆ ಹೊಂದುತ್ತದೆ ಎಂದರೆ ಫ್ಲೋಟನ್ನು ಮುಟ್ಟಬೇಡಿ, ವೈರಿನ ಕಡೆ ತಿರುಗಿ.

ವೈರಿನ ಕಡೆಯ ಪರೀಕ್ಷೆ ಹೀಗೆ. ಕನೆಕ್ಟರ್ ಕಳಚಿಯೇ ಇರಲಿ, ಕೀ ಆನ್ ಮಾಡಿ. ಮುಳ್ಳಿನ ಮೀಟರ್ ಮತ್ತು 240–33ರ ಪದ್ಧತಿ ಆಗಿದ್ದರೆ ಮುಳ್ಳು ಖಾಲಿಯ ಗೆರೆಗಿಂತ ಕೆಳಗೆ ಬೀಳಬೇಕು. ಈಗ ಹಾರ್ನೆಸ್ (ಮೆಷಿನ್‌ನ ವೈರಿನ ಕಟ್ಟು) ಕಡೆಯ ಸಿಗ್ನಲ್ ಪಿನ್ನನ್ನು ಪಕ್ಕದ ಅರ್ಥಿಂಗ್ ಪಿನ್ನಿಗೆ ಒಂದೆರಡು ಸೆಕೆಂಡ್ ಮುಟ್ಟಿಸಿ. ಮುಳ್ಳು ಫುಲ್ ದಾಟಿ ಹೋಗಬೇಕು. 10–180ರಲ್ಲಿ ಇದೇ ಉಲ್ಟಾ: ಬಿಚ್ಚಿಟ್ಟರೆ ಮೇಲೆ, ಮುಟ್ಟಿಸಿದರೆ ಕೆಳಗೆ. ಎರಡೂ ಕಡೆ ಓಡಿದರೆ ಮೀಟರೂ ವೈರೂ ಸರಿ ಇವೆ, ಓಮ್ ಹೊಂದದಿದ್ದರೆ ತಪ್ಪು ಫ್ಲೋಟಿನದೇ. ಓಡದಿದ್ದರೆ ಅರ್ಥಿಂಗ್ ಪಿನ್ ಬಿಟ್ಟು, ಸಿಗ್ನಲ್ ಪಿನ್ನನ್ನು ಉದ್ದ ವೈರಿನಿಂದ ನೇರ ಬ್ಯಾಟರಿಯ ನೆಗೆಟಿವ್‌ಗೆ ಮುಟ್ಟಿಸಿ. ಈಗ ಓಡಿತೆಂದರೆ ಹಾಳಾಗಿರುವುದು ಅರ್ಥಿಂಗ್ ವೈರ್. ಈಗಲೂ ಇಲ್ಲವೆಂದರೆ ಸಿಗ್ನಲ್ ವೈರ್ ಅಥವಾ ಮೀಟರ್. ಕ್ಯಾಬಿನ್ ಮಡಚುವ ಕೀಲಿನ ಹತ್ತಿರ ಹಾರ್ನೆಸ್ ಬಗ್ಗುವ ಜಾಗವನ್ನು ಮೊದಲು ನೋಡಿ. ಮೇಲಿನ ಹೊದಿಕೆ ಚೆನ್ನಾಗಿದ್ದು ಒಳಗೆ ತಾಮ್ರ ಕಡಿದಿರುವುದು ಅಲ್ಲಿಯೇ ಹೆಚ್ಚು.

ಇನ್ನೂ ನಿಖರವಾಗಿ ನೋಡಬೇಕೆಂದರೆ ಎಲೆಕ್ಟ್ರಾನಿಕ್ಸ್ ಅಂಗಡಿಯಿಂದ 33, 100, 220 ಓಮ್‌ನ 2 ವ್ಯಾಟ್ ರೆಸಿಸ್ಟರ್‌ಗಳನ್ನು ತಂದು ಫ್ಲೋಟಿನ ಜಾಗದಲ್ಲಿ ಒಂದೊಂದಾಗಿ ಜೋಡಿಸಿ. 240–33ರ ಪದ್ಧತಿಯಲ್ಲಿ ಕ್ರಮವಾಗಿ ಫುಲ್, ಅರ್ಧ, ಖಾಲಿಯ ಹತ್ತಿರ ಬರಬೇಕು. ಡಿಜಿಟಲ್ ಡಿಸ್‌ಪ್ಲೇ ಇರುವ ಮೆಷಿನ್‌ಗೆ ಈ ಪರೀಕ್ಷೆಯೇ ಸೂಕ್ತ, ಏಕೆಂದರೆ ಬಿಚ್ಚಿದ ವೈರನ್ನೂ ನೇರ ಅರ್ಥಿಂಗನ್ನೂ ಕಂಟ್ರೋಲರ್ ದೋಷವೆಂದೇ ಓದಿ ಕೋಡ್ ತೋರಿಸಬಹುದು.

ಒಂದು ಕೆಲಸ ಮಾತ್ರ ಯಾವತ್ತೂ ಬೇಡ: ಬಲ್ಬ್ ಪರೀಕ್ಷಿಸಿದ ಹಾಗೆ ಬ್ಯಾಟರಿಯ 12 ವೋಲ್ಟನ್ನು ನೇರವಾಗಿ ಫ್ಲೋಟಿನ ಸಿಗ್ನಲ್ ಪಿನ್ನಿಗೆ ಕೊಡುವುದು. 33 ಓಮ್‌ನ ಮೇಲೆ 12 ವೋಲ್ಟ್ ಬಿದ್ದರೆ 4 ವ್ಯಾಟಿಗೂ ಮಿಕ್ಕಿ ಶಾಖ ಹುಟ್ಟುತ್ತದೆ, ಕೂದಲೆಳೆಯಂಥ ತಂತಿ ಸುಟ್ಟುಹೋಗುತ್ತದೆ. ಅದೂ ಟ್ಯಾಂಕಿನೊಳಗೆ.

ಹೊಸ ಫ್ಲೋಟ್ ಆರಿಸುವಾಗ

ಮೆಷಿನ್‌ನ ಸೀರಿಯಲ್ ನಂಬರ್ ಹೇಳಿ ತರಿಸಿ. ಮಾಡೆಲ್ ಹೆಸರು ಸಾಲದು. ಒಂದೇ ಮಾಡೆಲ್‌ನಲ್ಲಿ ನಡುವೆ ಟ್ಯಾಂಕೋ ಮೀಟರೋ ಬದಲಾಗಿ ಫ್ಲೋಟೂ ಬದಲಾಗಿರುವುದುಂಟು. ಬೇರೆ ಕಂಪನಿಯ ಫ್ಲೋಟ್ ಹಾಕುವುದಾದರೆ ಓಮ್ ರೇಂಜ್, ತಲೆಯ ತೂತುಗಳು, ಕಡ್ಡಿಯ ಅಥವಾ ಕೊಳವೆಯ ಉದ್ದ, ಕನೆಕ್ಟರ್ ನಾಲ್ಕೂ ಹೊಂದಬೇಕು. ಐದು ತೂತಿನ ಎಸ್‌ಎಇ (ಅಮೆರಿಕದ ವಾಹನ ಮಾನದಂಡ) ತಲೆಯಲ್ಲಿ ಒಂದು ತೂತು ಬೇಕೆಂದೇ ಸ್ವಲ್ಪ ಪಕ್ಕಕ್ಕಿರುತ್ತದೆ, ಹಾಗಾಗಿ ಅದು ಒಂದೇ ದಿಕ್ಕಿನಲ್ಲಿ ಕೂರುತ್ತದೆ. ಕೊಳವೆಯದಾದರೆ ಟ್ಯಾಂಕಿನ ಆಳಕ್ಕಿಂತ ಸುಮಾರು 25 ಮಿ.ಮೀ. ಗಿಡ್ಡ ಇರುವುದನ್ನು ತೆಗೆದುಕೊಳ್ಳಿ. ಉದ್ದವಾದರೆ ತಳ ಮುಟ್ಟಿ ತಲೆ ಕೂರುವುದಿಲ್ಲ. ತೀರಾ ಗಿಡ್ಡವಾದರೆ ಇನ್ನೂ ಸಾಕಷ್ಟು ಡೀಸೆಲ್ ಇರುವಾಗಲೇ ಖಾಲಿ ತೋರಿಸುತ್ತದೆ. ಕಡ್ಡಿಯ ಉದ್ದ ಹೊಂದಿಸಬಹುದಾದ ಫ್ಲೋಟ್ ಆದರೆ ಜೊತೆಗೆ ಬರುವ ಚೀಟಿಯ ಪಟ್ಟಿಯನ್ನು ಎಸೆಯಬೇಡಿ. ಟ್ಯಾಂಕಿನ ಆಳಕ್ಕೆ ತಕ್ಕ ಅಳತೆ ಅದರಲ್ಲೇ ಇರುತ್ತದೆ.

ಪ್ಯಾಕಿಂಗ್ ಹೊಸದೇ ಬೇಕು. ನೈಟ್ರೈಲ್ ಅಥವಾ ವಿಟಾನ್ ರಬ್ಬರಿನದಾಗಿರಲಿ. ಹಳೆಯ ಟ್ಯೂಬ್ ಕತ್ತರಿಸಿ ಮಾಡಿದ ಪ್ಯಾಕಿಂಗ್ ಡೀಸೆಲ್ ಕುಡಿದು ಉಬ್ಬಿ ಜಿನುಗುತ್ತದೆ.

ಮೆಷಿನ್ ನಿಲ್ಲಿಸಿ, ತೊಳೆದು, ಬಿಚ್ಚುವುದು

ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಬಕೆಟ್ ನೆಲಕ್ಕೆ ಊರಿ, ಪಾರ್ಕಿಂಗ್ ಬ್ರೇಕ್ ಹಾಕಿ, ಟೈರಿಗೆ ಅಡ್ಡ ಕೊಡಿ. ಎಂಜಿನ್ ಪೂರ್ತಿ ಆರಲಿ. ಫ್ಲೋಟ್ ಎಲ್ಲಿದೆ ಎಂಬುದು ಮಾಡೆಲ್‌ಗೆ ತಕ್ಕಂತೆ ಬೇರೆ: ಕೆಲವಕ್ಕೆ ಹಿಂದಿನ ಬಾಗಿಲಿನಿಂದ ಕೈ ಹೋಗುತ್ತದೆ, ಕೆಲವಕ್ಕೆ ಕ್ಯಾಬಿನ್ ಎತ್ತಲೇಬೇಕು. ಬಕೆಟ್ ಎತ್ತುವ ಆರ್ಮ್ ಎತ್ತಿಯೇ ಕ್ಯಾಬಿನ್ ಮಡಚಬೇಕಾದ ಮೆಷಿನ್ ಆದರೆ ಕಂಪನಿ ಕೊಟ್ಟ ಆರ್ಮ್ ಸಪೋರ್ಟನ್ನು ಸಿಲಿಂಡರಿಗೆ ಹಾಕದೆ ಕೆಳಗೆ ಹೋಗಬೇಡಿ. ಮರದ ತುಂಡು, ಜಾಕಿ, ಹೈಡ್ರಾಲಿಕ್ ಹಿಡಿದುಕೊಂಡಿರುತ್ತದೆ ಎಂಬ ನಂಬಿಕೆ, ಮೂರೂ ಬೇಡ. ಕ್ಯಾಬಿನ್ ಎತ್ತಿದ ಮೇಲೆ ಅದರ ಲಾಕ್ ಬಿದ್ದಿದೆಯೇ ಎಂದು ಕಣ್ಣಲ್ಲಿ ನೋಡಿ, ಕೈಯಲ್ಲಿ ಅಲ್ಲಾಡಿಸಿ. ಕ್ಯಾಬಿನ್ ಎತ್ತಿ ಹಿಡಿಯುವ ಗ್ಯಾಸ್ ಸ್ಟ್ರಟ್ ಸೋತಿದ್ದರೆ ಕ್ಯಾಬಿನ್ ಇಡೀ ಭಾರದೊಂದಿಗೆ ಕೆಳಗೆ ಬರುತ್ತದೆ.

ಅಳತೆಗಳೆಲ್ಲ ಮುಗಿದ ಮೇಲೆ ಬ್ಯಾಟರಿಯ ನೆಗೆಟಿವ್ ಕಳಚಿ. ಡೀಸೆಲ್‌ಗೆ ಬೆಂಕಿ ಬೇಗ ಹತ್ತುವುದಿಲ್ಲ ಎಂಬ ಧೈರ್ಯ ಬೇಡ. ನಮ್ಮ ಡೀಸೆಲ್‌ನ ಮಾನದಂಡ ಐಎಸ್ 1460ರ ಪ್ರಕಾರ ಅದರ ಫ್ಲ್ಯಾಶ್ ಪಾಯಿಂಟ್, ಅಂದರೆ ಆವಿಗೆ ಕಿಡಿ ತಾಗಿದರೆ ಹೊತ್ತಿಕೊಳ್ಳುವ ಉಷ್ಣತೆ, ಕನಿಷ್ಠ 35 ಡಿಗ್ರಿ ಸೆಲ್ಸಿಯಸ್ ಇದ್ದರೆ ಸಾಕು. ಕಲಬುರಗಿ, ರಾಯಚೂರಿನ ಬೇಸಿಗೆಯ ಮಧ್ಯಾಹ್ನ ಗಾಳಿಯೇ 40 ದಾಟಿರುತ್ತದೆ, ಈಗಷ್ಟೇ ಕೆಲಸ ಬಿಟ್ಟ ಮೆಷಿನ್‌ನ ಟ್ಯಾಂಕ್ ಇನ್ನೂ ಬಿಸಿ. ಬೆಳಗ್ಗೆ ತಂಪು ಹೊತ್ತಿನಲ್ಲಿ, ಹತ್ತಿರದಲ್ಲಿ ಗ್ರೈಂಡಿಂಗ್ ವೆಲ್ಡಿಂಗ್ ಇಲ್ಲದ ಕಡೆ ಮಾಡಿ. ಪಕ್ಕದಲ್ಲಿ ಪುಡಿ ಮಾದರಿಯ ಅಗ್ನಿಶಾಮಕ ಇರಲಿ. ಬೆಳಕಿಗೆ ಬ್ಯಾಟರಿಯ ಎಲ್ಇಡಿ ಟಾರ್ಚ್, ಕರೆಂಟಿನ ಹ್ಯಾಂಡ್ ಲ್ಯಾಂಪ್ ಅಲ್ಲ.

ಫ್ಲೋಟ್ ಟ್ಯಾಂಕಿನ ಪಕ್ಕದ ಗೋಡೆಯಲ್ಲಿದ್ದರೆ ಡೀಸೆಲ್ ಮಟ್ಟ ಅದಕ್ಕಿಂತ ಕೆಳಗಿಳಿಯುವಷ್ಟು ತೆಗೆಯಲೇಬೇಕು. ಮೇಲೆ ಇದ್ದರೂ ಕಾಲು ಟ್ಯಾಂಕಿಗೆ ಇಳಿಸಿದರೆ ತಳ ಕಾಣುತ್ತದೆ. ಚಿಕ್ಕ ಮೆಷಿನ್‌ನ ಟ್ಯಾಂಕ್ 25 ಲೀಟರ್ ಆಸುಪಾಸು, ದೊಡ್ಡದರದ್ದು 100ರ ಹತ್ತಿರ. ಅದಕ್ಕೆ ತಕ್ಕಷ್ಟು ಶುದ್ಧ ಕ್ಯಾನ್ ಮೊದಲೇ ಹೊಂದಿಸಿಕೊಳ್ಳಿ. ಬಾಯಿಂದ ಎಳೆಯಬೇಡಿ, ಕೈಪಂಪು ಬಳಸಿ.

ಈ ಕೆಲಸದಲ್ಲಿ ಅವಸರ ಮಾಡಬಾರದ ಜಾಗ ಒಂದಿದ್ದರೆ ಅದು ತೊಳೆಯುವುದು. ಕ್ಯಾಬಿನ್ ಕೆಳಗೆ, ಟ್ಯಾಂಕಿನ ಮೇಲೆ ಮಣ್ಣು, ಜಲ್ಲಿಪುಡಿ, ಎಣ್ಣೆ ಸೇರಿ ಗಟ್ಟಿ ಪದರವಾಗಿ ಕೂತಿರುತ್ತದೆ. ಬಿಚ್ಚಿದ ಕ್ಷಣ ಅದು ಟ್ಯಾಂಕಿನೊಳಗೆ ಉದುರುತ್ತದೆ. ದಪ್ಪನೆಯದು ಫಿಲ್ಟರಿನಲ್ಲಿ ನಿಂತು ಫಿಲ್ಟರನ್ನೇ ಕಟ್ಟಿಸುತ್ತದೆ. ನುಣುಪಾದದ್ದು ದಾಟಿ ಹೋದರೆ ಅತಿ ಒತ್ತಡದಲ್ಲಿ ಡೀಸೆಲ್ ಚಿಮ್ಮಿಸುವ ಕಾಮನ್ ರೇಲ್ ಎಂಜಿನ್‌ನ ಪಂಪ್, ಇಂಜೆಕ್ಟರ್‌ಗಳಿಗೆ ಕುತ್ತು, ಆ ಖರ್ಚಿನ ಮುಂದೆ ಫ್ಲೋಟಿನ ಬೆಲೆ ಏನೇನೂ ಅಲ್ಲ. ಮೊದಲು ಗಟ್ಟಿ ಮಣ್ಣನ್ನು ಪ್ಲಾಸ್ಟಿಕ್ ಕೆರೆಯುವ ಪಟ್ಟಿಯಿಂದ ಕೆದಕಿ ವ್ಯಾಕ್ಯೂಮ್‌ನಲ್ಲಿ ಎಳೆಯಿರಿ. ಆಮೇಲೆ ಬ್ರಷ್ಷು, ಡೀಸೆಲ್ ಅದ್ದಿದ ಬಟ್ಟೆ. ಸ್ಕ್ರೂಗಳ ತಲೆಯೊಳಗಿನ ಗುಳಿಗಳನ್ನೂ ಚುಚ್ಚಿ ತೆಗೆಯಿರಿ. ಹಾಗೆ ಮಾಡದಿದ್ದರೆ ಸ್ಕ್ರೂ ಡ್ರೈವರ್ ಪೂರ್ತಿ ಇಳಿಯದೆ ತಲೆ ಸವೆಯುತ್ತದೆ. ಏರ್ ಹೊಡೆಯುವುದಾದರೆ ಟ್ಯಾಂಕ್ ಮುಚ್ಚಿರುವಾಗ ಮಾತ್ರ. ಒರೆಸಲು ನೂಲು ಬಿಡುವ ವೇಸ್ಟ್ ಬೇಡ, ನೂಲು ಬಿಡದ ಬಟ್ಟೆ ಬೇಕು.

ಬಿಚ್ಚುವ ಮೊದಲು ತಲೆಗೂ ಟ್ಯಾಂಕಿಗೂ ಸೇರಿ ಒಂದು ಪೇಂಟ್ ಗೆರೆ ಎಳೆಯಿರಿ, ಮೊಬೈಲಿನಲ್ಲಿ ಎರಡು ಫೋಟೋ ತೆಗೆಯಿರಿ. ಪ್ಲಾಸ್ಟಿಕ್ ಟ್ಯಾಂಕಿನಲ್ಲಿ ಸ್ಕ್ರೂ ಹಿಡಿಯುವುದು ಒಳಗೆ ಹುದುಗಿಸಿದ ಹಿತ್ತಾಳೆಯ ನಟ್ಟನ್ನು. ಸ್ಕ್ರೂ ಜಾಮ್ ಆಗಿದ್ದಾಗ ಒಂದೇ ಬಲದಲ್ಲಿ ತಿರುಗಿಸಿದರೆ ಆ ನಟ್ಟೇ ಪ್ಲಾಸ್ಟಿಕ್‌ನಿಂದ ಕಿತ್ತು ಗರಗರ ತಿರುಗತೊಡಗುತ್ತದೆ, ಆಗ ಟ್ಯಾಂಕೇ ಬದಲಿಸಬೇಕಾದೀತು. ಒಳಸೇರುವ ಎಣ್ಣೆ ಬಿಟ್ಟು ಅರ್ಧ ಗಂಟೆ ಕಾದು, ಸ್ವಲ್ಪ ಬಿಗಿ ಸ್ವಲ್ಪ ಸಡಿಲ ಮಾಡುತ್ತ ತೆಗೆಯಿರಿ. ತಿರುಗಿಸುವ ಲಾಕ್ ರಿಂಗ್ ಇದ್ದರೆ ಹಿತ್ತಾಳೆಯ ಅಥವಾ ಮರದ ಗೂಟವಿಟ್ಟು ಮೆಲ್ಲಗೆ ತಟ್ಟಿ. ಉಕ್ಕಿನ ಉಳಿ ಕಿಡಿ ಹಾರಿಸುತ್ತದೆ. ರಬ್ಬರ್ ಬುಷ್‌ನಲ್ಲಿ ಒತ್ತಿ ಕೂರಿಸಿದ ಫ್ಲೋಟ್ ಆದರೆ ತಿರುಚುತ್ತ ಮೇಲೆಳೆಯಿರಿ, ಬುಷ್ ಟ್ಯಾಂಕಿನೊಳಗೆ ಬೀಳದಂತೆ ಒಂದು ಕೈ ಅದರ ಮೇಲಿರಲಿ.

ಕಡ್ಡಿಯ ಫ್ಲೋಟ್ ನೇರವಾಗಿ ಮೇಲೆ ಬರುವುದಿಲ್ಲ. ತಲೆಯನ್ನು ಎತ್ತಿ, ಓರೆ ಮಾಡಿ, ಕಡ್ಡಿ ಬಾಯಿಯನ್ನು ಮುಟ್ಟದಂತೆ ತಿರುಗಿಸುತ್ತ ತೆಗೆಯಬೇಕು. ಸಿಕ್ಕಿಕೊಂಡರೆ ಎಳೆಯದೆ ಹಿಂದಕ್ಕೆ ಬಿಟ್ಟು ಮತ್ತೊಂದು ಕೋನ ನೋಡಿ. ಹೇಗೆ ಹೊರಬಂತೋ ಹಾಗೆಯೇ ಹೊಸದು ಒಳಹೋಗಬೇಕು, ಹಾಗಾಗಿ ಆ ತಿರುವನ್ನು ನೆನಪಿಡಿ. ಹೊರಗೆ ಬಂದ ತಕ್ಷಣ ತೂತಿನ ಮೇಲೆ ಶುದ್ಧ ಬಟ್ಟೆ ಮುಚ್ಚಿ.

ಟ್ಯಾಂಕಿನೊಳಗೆ ಒಮ್ಮೆ ಇಣುಕಿ

ಬಾಯಿ ತೆರೆದಿರುವಾಗಲೇ ಟಾರ್ಚ್ ಬಿಟ್ಟು ನೋಡಿ. ತಳದಲ್ಲಿ ಗುಂಡುಗುಂಡಾಗಿ ಹೊರಳುವುದು ನೀರು. ಕಪ್ಪು ಲೋಳೆಯಂಥದ್ದು ನೀರಿನ ಅಂಚಿನಲ್ಲಿ ಬೆಳೆಯುವ ಸೂಕ್ಷ್ಮಜೀವಿ. ಎರಡರಲ್ಲಿ ಯಾವುದು ಕಂಡರೂ ಟ್ಯಾಂಕ್ ಪೂರ್ತಿ ಬರಿದು ಮಾಡಿ ತೊಳೆದ ಮೇಲೆಯೇ ಹೊಸ ಫ್ಲೋಟ್ ಕೂರಿಸಿ, ಫಿಲ್ಟರನ್ನೂ ಬದಲಿಸಿ. ಹಳೆಯ ಪ್ಯಾಕಿಂಗ್‌ನ ಚೂರು, ಕಳೆದ ವಾಷರ್ ಇದ್ದರೆ ತೆಗೆಯಿರಿ. ಹಳೆಯ ಫ್ಲೋಟನ್ನು ಕಿವಿಯ ಬಳಿ ಅಲ್ಲಾಡಿಸಿ. ಒಳಗೆ ಡೀಸೆಲ್ ತುಳುಕುವ ಸದ್ದು ಬಂದರೆ ಕಾರಣ ಸಿಕ್ಕಿತು.

ಹೊಸದನ್ನು ಹೊರಗೇ ಪರೀಕ್ಷಿಸಿ, ಆಮೇಲೆ ಒಳಗೆ

ಹೊಸ ಫ್ಲೋಟನ್ನು ಹಳೆಯದರ ಪಕ್ಕ ಮಲಗಿಸಿ ಉದ್ದ, ಬಾಗು, ಕಡ್ಡಿ ತಿರುಗುವ ದಿಕ್ಕು ಹೋಲಿಸಿ. ಮಲ್ಟಿಮೀಟರ್ ಕೊಟ್ಟು ಕಡ್ಡಿಯನ್ನು ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ಎತ್ತಿ. ಅಂಕಿ ಎಲ್ಲಿಯೂ ಮಾಯವಾಗದೆ ಒಂದೇ ಸಮ ಬದಲಾಗಬೇಕು. ಆಮೇಲೆ ಟ್ಯಾಂಕಿನ ಬಾಯಿಯನ್ನು ಭದ್ರವಾಗಿ ಮುಚ್ಚಿ, ಬ್ಯಾಟರಿ ಜೋಡಿಸಿ, ಫ್ಲೋಟನ್ನು ಟ್ಯಾಂಕಿನಿಂದ ದೂರದಲ್ಲಿ ಮೆಷಿನ್‌ನ ಕನೆಕ್ಟರಿಗೆ ಸೇರಿಸಿ ಕೀ ಆನ್ ಮಾಡಿ. ಒಂದೇ ಪಿನ್ನಿನದಾದರೆ ತಲೆಯಿಂದ ಚಾಸಿಗೆ ಒಂದು ವೈರ್ ಕೊಡಿ. ಕಡ್ಡಿ ಕೆಳಗೆ ಹಿಡಿದರೆ ಖಾಲಿ, ಮೇಲೆ ಹಿಡಿದರೆ ಫುಲ್ ಬರಬೇಕು. ಡಿಸ್‌ಪ್ಲೇ ಇರುವ ಕೆಲವು ಮೆಷಿನ್‌ಗಳು ಡೀಸೆಲ್ ತುಳುಕಾಟಕ್ಕೆ ಅಂಕಿ ಕುಣಿಯಬಾರದೆಂದು ಬಹಳ ನಿಧಾನವಾಗಿ ಬದಲಾಗುತ್ತವೆ, ಪ್ರತಿ ಜಾಗದಲ್ಲೂ ಸ್ವಲ್ಪ ಹೊತ್ತು ಹಿಡಿದಿರಿ. ಓಮ್ ರೇಂಜ್ ತಪ್ಪಾಗಿದ್ದರೆ ಇಲ್ಲೇ ಗೊತ್ತಾಗುತ್ತದೆ. ಸರಿ ಎನಿಸಿದ ಮೇಲೆ ಮತ್ತೆ ನೆಗೆಟಿವ್ ಕಳಚಿ.

ಟ್ಯಾಂಕಿನ ಬಾಯಿಯ ಸುತ್ತಲಿನ ಮುಖ ಒರೆಸಿ, ಹಳೆಯ ಪ್ಯಾಕಿಂಗ್ ಚೂರು ಉಳಿಯದಂತೆ ನೋಡಿ. ಹೊಸ ಪ್ಯಾಕಿಂಗನ್ನು ಒಣಗಿದಂತೆಯೇ ಇಡಿ. ಸಾಮಾನ್ಯ ಸಿಲಿಕಾನ್ ಪೇಸ್ಟ್ ಬಳಿಯಬೇಡಿ: ಡೀಸೆಲ್ ತಾಗಿ ಅದು ಉಬ್ಬಿ ಮೆತ್ತಗಾಗುತ್ತದೆ, ಒಳಅಂಚಿನಿಂದ ಎಳೆಎಳೆಯಾಗಿ ಕಳಚಿ ಡೀಸೆಲ್ ಎಳೆಯುವ ಪೈಪಿನ ಜಾಲರಿಗೆ ಹೋಗಿ ಕೂರುತ್ತದೆ. ಫ್ಲೋಟ್ ಇಳಿಸಿದ ಮೇಲೆ ತಲೆಯನ್ನು ಬಿಗಿಯುವ ಮೊದಲು ಕಡ್ಡಿ ಯಾವ ಅಡ್ಡಗೋಡೆಗೂ ಪೈಪಿಗೂ ತಾಗುತ್ತಿಲ್ಲ ಎಂದು ಖಚಿತ ಮಾಡಿಕೊಳ್ಳಿ.

ಸ್ಕ್ರೂ ತೂತು ಟ್ಯಾಂಕಿನೊಳಕ್ಕೆ ತೆರೆದಿದ್ದರೆ ಡೀಸೆಲ್ ಥ್ರೆಡ್ ಹಿಡಿದು ಮೇಲೆ ಬರುತ್ತದೆ, ಅದಕ್ಕಾಗಿಯೇ ಪ್ರತಿ ಸ್ಕ್ರೂ ತಲೆಯ ಕೆಳಗೆ ಸೀಲಿಂಗ್ ವಾಷರ್ ಕೊಟ್ಟಿರುತ್ತಾರೆ. ಬಿಡಬೇಡಿ. ಎಲ್ಲ ಸ್ಕ್ರೂಗಳನ್ನೂ ಮೊದಲು ಕೈಯಲ್ಲೇ ಹಿಡಿಸಿ, ಆಮೇಲೆ ಎದುರುಬದುರಾಗಿ ಎರಡು ಮೂರು ಸುತ್ತಿನಲ್ಲಿ ಬಿಗಿಯಿರಿ. ಇಂಚಿನ ಪದ್ಧತಿಯ 10-32 ಅಥವಾ 5 ಮಿ.ಮೀ. ಸ್ಕ್ರೂಗಳಿಗೆ ಸುಮಾರು 2 ನ್ಯೂಟನ್ ಮೀಟರ್ ಸಾಕು. ಮ್ಯಾನ್ಯುಯಲ್ ಬೇರೆ ಅಂಕಿ ಹೇಳಿದರೆ ಅದೇ ಸರಿ. ಪ್ಯಾಕಿಂಗ್ ಹೊರಗೆ ಚಿಮ್ಮುವಷ್ಟು ಬಿಗಿದರೆ ಅದು ಸೀಳುತ್ತದೆ, ತಗಡಿನ ತಲೆ ತೂತಿನ ಸುತ್ತ ತಗ್ಗಾಗಿ ನಡುವೆ ಎದ್ದು ಅಲ್ಲಿಂದಲೇ ಸೋರುತ್ತದೆ.

ಅರ್ಥಿಂಗ್‌ಗೆ ಬೇರೆಯೇ ವೈರ್ ಎಳೆಯಿರಿ. ಪ್ಲಾಸ್ಟಿಕ್ ಟ್ಯಾಂಕಿಗೆ ಅದು ಇದ್ದೇ ಇರಬೇಕು. ತಗಡಿನ ಟ್ಯಾಂಕಿನಲ್ಲೂ ಪ್ಯಾಕಿಂಗ್ ಮತ್ತು ಪೇಂಟ್ ನಡುವೆ ಬಂದು ಸ್ಕ್ರೂಗಳೇ ಕರೆಂಟ್ ದಾಟಿಸಬೇಕಾಗುತ್ತದೆ, ಅವಕ್ಕೆ ತುಕ್ಕು ಹಿಡಿದ ದಿನ ಮೀಟರ್ ಸುಳ್ಳು ಹೇಳತೊಡಗುತ್ತದೆ. 1 ಚದರ ಮಿ.ಮೀ. ವೈರ್, ತುದಿಗೆ ಒತ್ತಿದ ರಿಂಗ್ ಟರ್ಮಿನಲ್, ಚಾಸಿಯಲ್ಲಿ ಪೇಂಟ್ ಕೆರೆದ ಹೊಳೆಯುವ ಜಾಗ, ಮೇಲೆ ಸ್ವಲ್ಪ ಗ್ರೀಸ್.

ತುಂಬಿಸಿ ನೋಡುವುದು

ಬ್ಯಾಟರಿ ಜೋಡಿಸಿ, ಅಳತೆ ಗೊತ್ತಿರುವ ಕ್ಯಾನಿನಿಂದ 10 ಲೀಟರ್‌ನಂತೆ ತುಂಬಿಸುತ್ತ ಪ್ರತಿ ಸಲ ಮುಳ್ಳು ಎಲ್ಲಿದೆ ಎಂದು ಬರೆದುಕೊಳ್ಳಿ. ಆ ಚೀಟಿ ಆಪರೇಟರ್ ಕೈಗೆ ಹೋಗಲಿ. ಟ್ಯಾಂಕಿನ ಆಕಾರ ಓರೆಕೋರೆ ಇರುವುದರಿಂದ ಅರ್ಧದ ಗೆರೆ ಎಂದರೆ ಅರ್ಧ ಡೀಸೆಲ್ ಎಂದೇನಿಲ್ಲ. ಫುಲ್ ಮಾಡಿದ ಮೇಲೆ ತಲೆಯ ಸುತ್ತ ಒಣಬಟ್ಟೆ ಒತ್ತಿ ನೋಡಿ, ಎಂಜಿನ್ ಹಾಕಿ ಸ್ವಲ್ಪ ಓಡಿಸಿ, ಇಳಿಜಾರಿನಲ್ಲಿ ನಿಲ್ಲಿಸಿ ಮತ್ತೊಮ್ಮೆ ನೋಡಿ. ಡೀಸೆಲ್ ಎಳೆಯುವ ಪೈಪನ್ನು ಬಿಚ್ಚಿದ್ದರೆ ಏರ್ ತೆಗೆದ ಮೇಲೆಯೇ ಸ್ಟಾರ್ಟ್ ಮಾಡಿ.

ಇಷ್ಟೆಲ್ಲ ಆದ ಮೇಲೂ ತಪ್ಪು ತೋರಿಸಿದರೆ ಲಕ್ಷಣವೇ ಕಾರಣ ಹೇಳುತ್ತದೆ. ಫುಲ್‌ಗೆ ಖಾಲಿ, ಖಾಲಿಗೆ ಫುಲ್ ಬಂದರೆ ಓಮ್ ಪದ್ಧತಿ ಉಲ್ಟಾ ಆಗಿದೆ, ವೈರ್ ಅದಲುಬದಲು ಮಾಡಿ ಪ್ರಯೋಜನವಿಲ್ಲ, ಫ್ಲೋಟನ್ನೇ ಬದಲಿಸಬೇಕು. ಫುಲ್ ಸರಿಯಾಗಿದ್ದು ಕಾಲು ಭಾಗಕ್ಕಿಂತ ಕೆಳಗಿಳಿಯದಿದ್ದರೆ ಕಡ್ಡಿ ತಳಕ್ಕೋ ಅಡ್ಡಗೋಡೆಗೋ ತಾಗುತ್ತಿದೆ. ಎಲ್ಲಿಯೋ ಒಂದು ಕಡೆ ಅಂಟಿಕೊಂಡು ಗುದ್ದಿದಾಗ ಮಾತ್ರ ಬಿಡುತ್ತಿದ್ದರೆ ಇಳಿಸುವಾಗ ಕಡ್ಡಿ ಬಾಗಿದೆ. ಹೆಡ್‌ಲೈಟ್ ಹಾಕಿದೊಡನೆ ಮುಳ್ಳು ಜರುಗಿದರೆ ಲೈಟಿನ ಕರೆಂಟು ಫ್ಲೋಟಿನ ಅರ್ಥಿಂಗ್ ದಾರಿಯಲ್ಲೇ ಹರಿಯುತ್ತಿದೆ. ಆಗ ಲೈಟ್ ಉರಿಯುತ್ತಿರುವಂತೆಯೇ ಮಲ್ಟಿಮೀಟರನ್ನು ಡಿಸಿ ವೋಲ್ಟಿಗೆ ಇಟ್ಟು, ಅದರ ಒಂದು ಪ್ರೋಬನ್ನು ಫ್ಲೋಟಿನ ಅರ್ಥಿಂಗ್ ಟರ್ಮಿನಲ್‌ಗೆ, ಇನ್ನೊಂದನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೆ ಹಿಡಿಯಿರಿ. 0.1 ವೋಲ್ಟಿಗಿಂತ ಹೆಚ್ಚು ಬಂದರೆ ಚಾಸಿಯಿಂದ ಬ್ಯಾಟರಿಗೆ ಹೋಗುವ ದಪ್ಪ ಕೇಬಲ್‌ನ ಎರಡೂ ತುದಿ ಬಿಚ್ಚಿ, ಉಜ್ಜಿ, ಮತ್ತೆ ಬಿಗಿಯಿರಿ.